ಪಟೇಲನ ಜಗಲಿಯ ರೇಡಿಯೊ

ಹಾಸನದ ಗುಜರಿ ಅಂಗಡಿಯಲ್ಲಿ ಇವತ್ತು ಮರದ ಪೆಟ್ಟಿಗೆಯ ರೇಡಿಯೊ ಕಂಡು ಒಳಗೆ ಹೋದೆ.

ನಾನು ಚಿಕ್ಕವನಿದ್ದಾಗ ದುದ್ದದ ಹತ್ತಿರದ ನಮ್ಮೂರಿಗೆಲ್ಲ ಒಂದೇ ರೇಡಿಯೊ, ಅದೂ ಪಟೇಲನ ಜಗಲಿಯ ಮೇಲೆ. ಹೊಲಗೇರಿಯವರಾದ ನಾವು ಅಂಗಳದಾಚೆ ನಿಂತೇ ಕೇಳಬೇಕು. ಆ ಭಾನುವಾರ ಮಕ್ಕಳ ಕಾರ್ಯಕ್ರಮದಲ್ಲಿ ನಮ್ಮಕ್ಕನ ಹಾಡಿತ್ತು. ಅವಳ ಹೆಸರು ಬಂದದ್ದೇ ತಡ, ಪಟೇಲ ರೇಡಿಯೊದ ದನಿ ತಗ್ಗಿಸಿದ.

"ನನ್ ಮಗ್ಳು ಬುದ್ಧಿ, ವಸಿ ಜೋರು ಮಾಡಿ," ಅಂದಳು ಅವ್ವ.

"ಕೇಳ್ಸಿದಷ್ಟು ಕೇಳ್ಕಂಡು ಓಗಮ್ಮಿ."

ಅವ್ವ ಸೀದಾ ಜಗಲಿ ಹತ್ತಿ ತಾನೇ ಗುಂಡಿ ತಿರುಗಿಸಿದಳು. ಹಾಡು ಮುಗಿಯುವವರೆಗೂ ಅವಳು ಕೆಳಗಿಳಿಯಲಿಲ್ಲ.

ಮೈಲಿಗೆಯಾಯಿತೆಂದು ಪಟೇಲ ಜಗಲಿಯ ಜೊತೆಗೆ ರೇಡಿಯೊವನ್ನೂ ತೊಳೆಸಿದ. ಅದು ಮತ್ತೆಂದೂ ಮಾತಾಡಲಿಲ್ಲ.

"ಇದು ಆಡಕಿಲ್ಲ ಸಾ, ಕೆಟ್ಟೋಗದೆ," ಅಂದ ಗುಜರಿಯವನು.

"ತೊಳೆದೋರು ಯಾರಪ್ಪ?" ಎಂದು ಕೇಳಿದೆ.