ಕೆಂಪು ಕಾರು ಗೆದ್ದ ರೇಸು

ಯಾವ ಕಾರ್ಯಕ್ರಮಕ್ಕೆ ಹೋದರೂ ಮುಗಿಯುವ ಮೊದಲೇ ಎದ್ದುಬಿಡುವುದು ನನ್ನ ಜಾಯಮಾನ. ಕನ್ನಡ ಸಂಘದ ವಂದನಾರ್ಪಣೆಯನ್ನು ನಾನು ಇದುವರೆಗೆ ಪೂರ್ತಿ ಕೇಳಿದವನಲ್ಲ. ಈ ವಿಷಯದಲ್ಲಿ ನಾನು ಒಂಟಿಯೂ ಅಲ್ಲ. ಮೈಕಿನಲ್ಲಿ ‘ಕೊನೆಯದಾಗಿ’ ಎಂಬ ಮಾತು ಬಿದ್ದದ್ದೇ ತಡ, ಅರ್ಧ ಸಭೆ ಊಟದ ಸಾಲಿಗೆ, ಇನ್ನರ್ಧ ಪಾರ್ಕಿಂಗ್ ಲಾಟಿಗೆ ಹೊರಡುತ್ತದೆ. ಹರಿಕಥೆಯವರು ಫಲಶ್ರುತಿಯನ್ನು ಕೊನೆಗೆ ಇಟ್ಟದ್ದು ಸುಮ್ಮನೆ ಅಲ್ಲ. ಕೂತವರಿಗೆ ಫಲ, ಎದ್ದು ಹೋದವರಿಗೆ ಚಪ್ಪಲಿ ಬೇಗ ಸಿಗುತ್ತದೆ, ಅಷ್ಟೆ.

ಈ ಚಟದಲ್ಲಿ ನನಗೆ ಗುರುಸ್ಥಾನದಲ್ಲಿರುವವರು ನಾವು ಬಂದು ನೆಲೆಸಿರುವ ಈ ಪರದೇಶದ ಊರು ಜೆರಿಕೋದ ದೇಸಾಯಿ ಅಂಕಲ್. ಧಾರವಾಡದವರು, ಆಸ್ಪತ್ರೆಯಲ್ಲಿ ಅರಿವಳಿಕೆ ಕೊಡುವ ಡಾಕ್ಟರಾಗಿದ್ದವರು. ವೃತ್ತಿಯುದ್ದಕ್ಕೂ ಜನರನ್ನು ಮಲಗಿಸಿದ ಅವರ ಬಳಿ ಯಾರನ್ನೂ ಮಲಗಲು ಬಿಡದ ಒಂದು ಕಥೆಯಿದೆ. ಹೊಸದಾಗಿ ಮದುವೆಯಾಗಿ ಬಂದಿದ್ದ ಕಾಲದಲ್ಲಿ ಅವರೂ ಸುಮಿತ್ರಾ ಆಂಟಿಯೂ ಇದೇ ರಾಜ್ಯದ ಉತ್ತರಕ್ಕೆ, ಕೆರೆಗಳ ಸೀಮೆಯಲ್ಲಿ ಆಗ ನಡೆಯುತ್ತಿದ್ದ ಗ್ರ್ಯಾನ್ ಪ್ರಿ ಕಾರು ರೇಸು ನೋಡಲು ಹೋಗಿದ್ದರಂತೆ. ಬುತ್ತಿಗೆ ರೊಟ್ಟಿ, ಶೇಂಗಾ ಚಟ್ನಿ. ಕಿವಿಗೆ ಹತ್ತಿ. ಮೊದಲ ಸುತ್ತಿನಿಂದಲೂ ಒಂದು ಕೆಂಪು ಕಾರು ಮುಂದೆ. ಇನ್ನೆರಡೇ ಸುತ್ತು ಉಳಿದಾಗ ಆಂಟಿ, “ಆಮ್ಯಾಲೆ ಟ್ರಾಫಿಕ್ ಆಗ್ತದ, ನಡೀರಿ” ಎಂದು ಎಬ್ಬಿಸಿದರು. ಗೆಲುವು ಖಚಿತವಾಗಿತ್ತು, ಎದ್ದು ಬಂದರು. “ಕೆಂಪು ಕಾರ್ ಗೆದ್ದಿತು, ನಾವು ಟ್ರಾಫಿಕ್ ಗೆದ್ವಿ” ಎಂದು ಅಂಕಲ್ ಕಥೆ ಮುಗಿಸುತ್ತಾರೆ. ಆಂಟಿ ಆ ಹೊತ್ತಿಗೆ ಸರಿಯಾಗಿ ನಗುತ್ತಾರೆ.

ಈ ವರ್ಷ ಸಂಘದವರು ಈ ಕಥೆಯನ್ನು ವೇದಿಕೆಯ ಮೇಲೆ ಹೇಳಿಸಲು ತೀರ್ಮಾನಿಸಿ, ಚಿತ್ರ ಹುಡುಕುವ ಕೆಲಸವನ್ನು ನನಗೆ ಹಚ್ಚಿದರು. ನನಗೆ ತಿದ್ದುವ ಚಟವೂ ಇದೆ; ಮದುವೆಯ ಕರೆಯೋಲೆಯಲ್ಲೂ ಕಾಗುಣಿತ ನೋಡುವವನು ನಾನು. ಗೆದ್ದ ಕಾರಿನ ಚಿತ್ರ ಹುಡುಕಿದರೆ ಸಿಕ್ಕಿದ್ದು ನೀಲಿ ಕಾರು. ಕೆಂಪು ಕಾರು ಕೊನೆಯ ಸುತ್ತಿನಲ್ಲಿ ಪೆಟ್ರೋಲ್ ಮುಗಿದು ದಾರಿ ಬದಿಗೆ ನಿಂತಿತ್ತು.

ನನಗೆ ನಿಜಕ್ಕೂ ಸಂಕಟವಾಯಿತು. ಹೇಳಿದರೆ ಆ ಮನುಷ್ಯನ ಅತ್ಯುತ್ತಮ ಕಥೆ ಹೋಗುತ್ತದೆ. ಹೇಳದಿದ್ದರೆ ಸಭೆಯ ತುಂಬ ಫೋನ್ ಹಿಡಿದ ಮಕ್ಕಳು, ಎಲ್ಲರೆದುರು ಮಾನ ಹೋಗುತ್ತದೆ. ಕೊನೆಗೆ ಅವರ ಮನೆಗೆ ಹೋಗಿ, ಆಂಟಿ ಚಹಾಕ್ಕೆಂದು ಒಳಗೆ ಹೋದಾಗ ಮೆಲ್ಲಗೆ ಹೇಳಿದೆ.

ಅಂಕಲ್ ಅಡುಗೆಮನೆಯ ಕಡೆ ಒಮ್ಮೆ ನೋಡಿದರು. “ನನಗ ಮರುದಿನಾನ ಗೊತ್ತಾತಪಾ, ಆಸ್ಪತ್ರ್ಯಾಗ ಎಲ್ಲಾರೂ ಅದನ್ನ ಮಾತಾಡ್ತಿದ್ರು. ಆದ್ರ ಅಕಿಗೆ ಆಗ ಈ ದೇಶ ಹೊಸದು, ಪ್ರತಿಯೊಂದಕ್ಕೂ ‘ನನ್ನಿಂದ ತಪ್ಪಾತೇನೋ’ ಅಂತ ಅಳ್ತಿದ್ಲು. ಇದನ್ನೂ ಎಲ್ಲಿ ಹೇಳಲಿ? ಕೆಂಪು ಕಾರ್ ಗೆದ್ರ ಯಾರಿಗೇನು ನಷ್ಟ?” ನಷ್ಟ ನೀಲಿ ಕಾರಿನವನಿಗೆ ಎಂದು ತಿದ್ದಲು ಬಾಯಿಗೆ ಬಂದಿತ್ತು, ನುಂಗಿಕೊಂಡೆ.

ಸಭೆಯ ದಿನ ನಾನು ಗೆದ್ದ ಕಾರಿನ ಬದಲು ಕೆರೆಯ ಚಿತ್ರ ಹಾಕಿ ಕೂತೆ. ಅಂಕಲ್ ಎಂದಿನಂತೆ ಕೆಂಪು ಕಾರನ್ನು ಗೆಲ್ಲಿಸಿದರು. ಚಪ್ಪಾಳೆ ನಿಲ್ಲುವ ಮೊದಲೇ ಹಿಂದಿನ ಸಾಲಿನ ಹುಡುಗಿಯೊಬ್ಬಳು ಫೋನ್ ಎತ್ತಿ ಹಿಡಿದು, “ಅಂಕಲ್, ಇಟ್ ಸೇಸ್ ದ ಬ್ಲೂ ಕಾರ್ ವನ್!” ಎಂದಳು. ಅಂಕಲ್ ಮೈಕ್ ಹಿಡಿದುಕೊಂಡೇ ಆಂಟಿಯ ಕಡೆ ನೋಡಿದರು.

ಮುಂದಿನ ಸಾಲಿನಲ್ಲಿದ್ದ ಆಂಟಿ ತಿರುಗಿಯೂ ನೋಡದೆ ದೊಡ್ಡ ದನಿಯಲ್ಲಿ ಹೇಳಿದರು: “ಆ ಫೋನಿಗೇನು ಗೊತ್ತು? ಅಲ್ಲಿ ನಾವಿದ್ವಿ!” ಸಭೆ ಬಿದ್ದು ಬಿದ್ದು ನಕ್ಕಿತು. ಹುಡುಗಿಯೂ ನಕ್ಕಳು, ಅಂಕಲ್ ಬಚಾವಾದರು.

ಊಟದ ಸಾಲಿನಲ್ಲಿ ಆಂಟಿ ನನ್ನ ಮುಂದೆಯೇ ಇದ್ದರು. ಹೋಳಿಗೆ ಹಾಕಿಸಿಕೊಳ್ಳುತ್ತ ಪಿಸುಗುಟ್ಟಿದರು: “ಆ ಹುಡುಗಿ ಹೇಳಿದ್ದು ಖರೇನ. ಮರುದಿನ ಬಟ್ಟಿ ಒಗಿಯೂ ಲಾಂಡ್ರೊಮ್ಯಾಟ್‌ನ್ಯಾಗ ಟಿವಿಯೊಳಗ ನಾನ ನೋಡಿದ್ದೆ. ಮನಿಗೆ ಬಂದು ಹೇಳಬೇಕು ಅನ್ನೂದ್ರಾಗ ಇವರು ‘ಕೆಂಪು ಕಾರ್ ಗೆದ್ದಿತು ನೋಡು, ಛಲೋ ಆತು ಲಗೂನ ಬಂದ್ವಿ’ ಅಂದ್ರು. ನನ್ನ ಸಲುವಾಗಿ ಇಷ್ಟು ವರ್ಷ ಅದನ್ನ ಗೆಲ್ಲಿಸ್ಕೋತ ಬಂದಾರ. ನನಗ ಗೊತ್ತದ ಅಂತ ಅವರಿಗೆ ಹೇಳಬ್ಯಾಡಪಾ.”

ಹೇಳಲಿಲ್ಲ. ದಾಖಲೆಯಲ್ಲಿ ನೀಲಿ ಕಾರಿದೆ, ಅದು ಸರಿಯಾಗಿಯೇ ಇದೆ. ಆದರೆ ಆ ರೇಸಿನಲ್ಲಿ ಗೆದ್ದದ್ದು ಯಾರೆಂದು ನನ್ನನ್ನು ಯಾರಾದರೂ ಕೇಳಿದರೆ, ಈಗ ನಾನೂ ಕೆಂಪು ಕಾರು ಎನ್ನುತ್ತೇನೆ.