ಇಂದುಶೇಖರರು ಬಿಟ್ಟುಕೊಟ್ಟ ಜಾಗ

ಇಂದುಶೇಖರರು ದೆಹಲಿಯ ಸರ್ಕಾರಿ ಕಚೇರಿಯೊಂದರಲ್ಲಿ ಅಂತರ್ಜಲ ಹುಡುಕುವ ಅಧಿಕಾರಿ. ರಾಜಸ್ಥಾನದ ಮರಳಿನಲ್ಲಿ ಊರೂರಿಗೆ ನೀರು ತೋರಿಸಿ ಬಂದ ಈ ಮಹಾನುಭಾವರ ಗುರ್ಗಾಂವ್ ಫ್ಲ್ಯಾಟಿನಲ್ಲಿ ಮಾತ್ರ ನಲ್ಲಿ ತಿರುಗಿಸಿದರೆ ಬರೀ ಗಾಳಿ. ಹೆಂಡತಿ ವೈಜಯಂತಿ ಮೊಣಕಾಲು ನೋವಿನಲ್ಲೇ ಟ್ಯಾಂಕರ್ ಮುಂದೆ ಬಕೆಟ್ ಹಿಡಿದು ನಿಲ್ಲುತ್ತಿದ್ದರು. "ಮುಂದಿನ ಬೇಸಿಗೆಯೊಳಗೆ ನಿನ್ನನ್ನ ಆ ಸಾಲಿನಿಂದ ಬಿಡಿಸ್ತೀನಿ" ಎಂದು ೨೦೦೫ರಲ್ಲಿ ಅವರು ಮಾತು ಕೊಟ್ಟರು. ಸರ್ಕಾರಿ ನೌಕರರ ಮಾತು ನೋಡಿ, ಆಕೆ ಬಕೆಟ್ ಎಸೆಯಲಿಲ್ಲ.

ಒಂದು ಭಾನುವಾರ ಕಚೇರಿಯ ಒಪ್ಪಿಗೆ ಪಡೆದು ನೀರು ಹುಡುಕುವ ಯಂತ್ರವನ್ನು ಫ್ಲ್ಯಾಟುಗಳ ಅಂಗಳಕ್ಕೆ ತಂದರು. ಉದ್ದನೆಯ ಕೋಲು, ಎರಡೂ ತುದಿಗೆ ತಂತಿಯ ಸುರುಳಿ. ಒಂದು ಸುರುಳಿ ನೆಲದೊಳಕ್ಕೆ ವಿದ್ಯುತ್ಕಾಂತೀಯ ಅಲೆ ಕಳಿಸುತ್ತದೆ, ಇನ್ನೊಂದು ನೆಲದ ಉತ್ತರ ಕೇಳಿಸಿಕೊಳ್ಳುತ್ತದೆ. ಒದ್ದೆ ಪದರದ ಉತ್ತರ ಬೇರೆ, ಒಣ ಕಲ್ಲಿನದು ಬೇರೆ. ಹತ್ತಿರದಲ್ಲಿ ಕಬ್ಬಿಣವಿದ್ದರೆ ಮಾತ್ರ ಬರೀ ಅದರದೇ ಗಲಾಟೆ. ಹಾಗಾಗಿ ಸ್ವಲ್ಪ ಹೊತ್ತು ಕಾರುಗಳನ್ನು ಹೊರಗಿಡಿ ಎಂದು ಎಲ್ಲರನ್ನೂ ಬೇಡಿಕೊಂಡರು.

ಗುರ್ಗಾಂವಿನಲ್ಲಿ ಕಿಡ್ನಿ ಕೇಳಿದರೂ ಯೋಚಿಸಿಯಾರು, ಕಾರಿನ ಜಾಗ ಕೇಳಬಾರದು. "ನಾನು ತೆಗೆದ್ರೆ ಇನ್ನೊಬ್ಬ ತಂದು ನಿಲ್ಲಿಸ್ತಾನೆ ಇಂದುಶೇಖರ್‌ಜೀ" ಎಂದರು ನಿವಾಸಿಗಳ ಸಂಘದ ಅಧ್ಯಕ್ಷ, ದಾವಣಗೆರೆಯ ಚಂದ್ರಮೋಹನ. "ಹೀಗೇ ಮಧ್ಯದಲ್ಲಿ ತೂರಿಸಿ ನೋಡಿ ನಿಮ್ಮ ಮಷೀನ್‌ನ."

ಕೊನೆಗೆ ಇಂದುಶೇಖರರು ತಮ್ಮ ಕಾರನ್ನೇ ತೆಗೆದು, ಮೂಲೆಯ ಆ ಜಾಗವನ್ನೂ ಪಕ್ಕದ ಖಾಲಿ ನೆಲವನ್ನೂ ಅಳೆದರು. ಯಂತ್ರ ಮೆಚ್ಚಿದ್ದು ಅವರ ಜಾಗವನ್ನೇ. ಅನುಮತಿ ಬಂತು, ಕೊರೆದರು, ಸಿಹಿನೀರೇ ಸಿಕ್ಕಿತು. ಸಂಘದವರು ಶಾಲು ಹೊದಿಸಿದರು. ಕಾರಿಗೆ ಬೇರೆ ಜಾಗ ಮಾತ್ರ ಕೊಡಲಿಲ್ಲ. ಅವರು ಎರಡು ಬೀದಿ ಆಚೆ ಕಾರು ನಿಲ್ಲಿಸಿ ನಡೆದು ಬರತೊಡಗಿದರು. ವೈಜಯಂತಿ ಬೆಳಿಗ್ಗೆ ಕೂತು ಕಾಫಿ ಕುಡಿಯುವುದನ್ನು ಕಂಡಾಗ ಅವರಿಗೆ ನಿಜಕ್ಕೂ ಸಂತೋಷವಾಗುತ್ತಿತ್ತು.

ಅಷ್ಟರಲ್ಲಿ ಚಂದ್ರಮೋಹನ ಕೊಳವೆಬಾವಿಗೆ ಒತ್ತಿಕೊಂಡಂತೆ ತಮ್ಮ ಎರಡನೆಯ ಕಾರು ತಂದು ನಿಲ್ಲಿಸಿದರು. "ಬೋರ್‌ವೆಲ್ ಕಾಯೋಕೆ ಏನಾದ್ರೂ ಬೇಕಲ್ವಾ?" ಎಂದರು. ಇಂದುಶೇಖರರು ನಕ್ಕು, ಎರಡು ಬೀದಿ ಆಚೆಯ ತಮ್ಮ ಕಾರಿನತ್ತ ನಡೆದರು.

ಮೇ ತಿಂಗಳಲ್ಲಿ ಕೊಳವೆಬಾವಿಯೊಳಗಿನ ಮೋಟಾರು ಸುಟ್ಟುಹೋಯಿತು. ಅದನ್ನು ಮೇಲೆತ್ತುವ ಗಾಡಿ ಬಂತು, ನಿಲ್ಲಲು ಜಾಗವಿರಲಿಲ್ಲ. ಕಾವಲಿನ ಕಾರು ಬೀಗ ಹಾಕಿಕೊಂಡು ಅಲ್ಲೇ ಕೂತಿತ್ತು. ಅದರ ಕೀಲಿಕೈ ಚಂದ್ರಮೋಹನರ ಜೊತೆ ದಾವಣಗೆರೆಗೆ, ಯಾರದೋ ಮದುವೆಗೆ ಹೋಗಿತ್ತು. ಬಂದ ಗಾಡಿ ವಾಪಸು ಹೋಯಿತು.

ಮರುದಿನ ಗೇಟಿನಲ್ಲಿ ಟ್ಯಾಂಕರ್ ಹಾರ್ನ್ ಹೊಡೆಯಿತು. ವೈಜಯಂತಿ ಬಕೆಟ್ ತಂದು ಗಂಡನ ಕೈಗೆ ಕೊಟ್ಟರು.

"ಇವತ್ತು ನೀವೇ ಹೋಗಿ ನಿಲ್ಲಿ. ಸಾಲಲ್ಲಾದ್ರೂ ನಿಮ್ಮ ಜಾಗ ಬಿಟ್ಟುಕೊಡ್ಬೇಡಿ."