ಚಂದ್ರಿ ಕೂಗಿದ ಬಾಗಿಲು

ನೆನೆಸಿದ ಹಿಂಡಿಯ ವಾಸನೆ ಎಲ್ಲಿಂದಲಾದರೂ ತೇಲಿಬಂದರೆ ಇಂದಿಗೂ ನನ್ನ ಎದೆ ಹೊಡೆದುಕೊಳ್ಳುತ್ತದೆ. ಮಮದಾಪುರದ ನಮ್ಮ ಮನೆಯಲ್ಲಿ ಅದು ಬಸವ್ವ ಅತ್ತೆಯ ಕೈಯ ವಾಸನೆ. ಅತ್ತೆ ಅಪ್ಪನ ಅಕ್ಕ. ಚಿಕ್ಕಂದಿನಲ್ಲೇ ಗಂಡ ತೀರಿಕೊಂಡು ತವರಿಗೆ ಬಂದವಳು. ಕರು ಸತ್ತ ಮೇಲೆ ನಮ್ಮ ಎಮ್ಮೆ ಚಂದ್ರಿ ಅವಳೊಬ್ಬಳಿಗೇ ಹಾಲು ಬಿಡುತ್ತಿತ್ತು. ನನ್ನನ್ನು ಪಕ್ಕದಲ್ಲಿ ಕೂಡಿಸಿಕೊಂಡು ಅತ್ತೆ ಅದರ ಮಾತು ಕಲಿಸುತ್ತಿದ್ದಳು. ಉದ್ದಕ್ಕೆ ಒದರಿದರೆ ನೀರು ಬೇಕು. ಕಿವಿ ನಿಗುರಿಸಿ ಸುಮ್ಮನೆ ನಿಂತರೆ ಏನನ್ನೋ ಕಂಡು ಅಂಜಿದೆ. ಇನ್ನೊಂದು, ಬಾಯಿ ತೆರೆಯದೆ ಮೂಗಿನಲ್ಲೇ ಹ್ಞೂಂ ಹ್ಞೂಂ ಎನ್ನುವ ಸಣ್ಣ ದನಿ. "ಇದು ನನ್ನ ಕಂಡಾಗಷ್ಟ," ಎಂದು ಅತ್ತೆ ನಗುತ್ತಿದ್ದಳು.

ನನಗೆ ಎಂಟು ವರ್ಷವಾಗಿದ್ದಾಗ ಊರಿಗೆ ಪ್ಲೇಗು ಬಂತು. ರೊಟ್ಟಿ ಬುಟ್ಟಿಯ ಪಕ್ಕದಲ್ಲಿ ಇಲಿ ಸತ್ತು ಬಿದ್ದ ದಿನವೇ ನಾವು ಮನೆಗೆ ಬೀಗ ಹಾಕಿ ಹೊಲದಲ್ಲಿ ಗುಡಿಸಲು ಕಟ್ಟಿಕೊಂಡೆವು. ಇಡೀ ಊರೇ ಹಾಗೆ ಚೆದುರಿತು. ದಿನವೂ ಅವ್ವ ಗಡ್ಡೆ ಎದ್ದಿದೆಯೇನೋ ಎಂದು ನಮ್ಮ ಕಂಕುಳು ಮುಟ್ಟಿ ನೋಡುವಳು. ಒಂದು ಬೆಳಿಗ್ಗೆ ಅತ್ತೆ ದೂರದಲ್ಲೇ ನಿಂತು, "ಘೋಡಗೇರಿಗೆ ತಂಗಿ ಮನಿಗೆ ಹೊಂಟೇನಿ," ಎಂದಳು. ಎಂದಿನಂತೆ ನನ್ನ ತಲೆ ಸವರದೆ ಹೊರಟುಹೋದಳು.

ಅಂದಿನಿಂದ ಚಂದ್ರಿ ಮೇವು ಮೂಸಲಿಲ್ಲ, ಊರಿನ ಕಡೆ ಮುಖ ಮಾಡಿ ನಿಂತುಬಿಟ್ಟಿತು. "ನಾಕ ದಿನಾ ಆದ್ರ ಸುಮ್ಮನಾಗತೈತಿ," ಎಂದ ಅಪ್ಪ. ಮೂರನೆಯ ಮಧ್ಯಾಹ್ನ ಅದು ಹಗ್ಗ ಹರಿದುಕೊಂಡು ಓಡಿತು. ಅಪ್ಪ ಹಿಂದೆ ಓಡಿದ; ಅವನ ಹಿಂದೆ ನಾನು. ಸುಡು ಬಿಸಿಲಲ್ಲಿ ಓಣಿಗಳು ಖಾಲಿ ಬಿದ್ದಿದ್ದವು. ನಾಯಿಯೂ ಬೊಗಳಲಿಲ್ಲ. ನಮ್ಮದೇ ಹೆಜ್ಜೆಯ ಸಪ್ಪಳಕ್ಕೆ ನಾನು ಬೆಚ್ಚುತ್ತಿದ್ದೆ. ಚಂದ್ರಿ ನಮ್ಮ ಮನೆಯ ಮುಂದೆ ನಿಂತಿತ್ತು. ಬಾಗಿಲಿಗೆ ಬೀಗವಿರಲಿಲ್ಲ, ಒಳಗಿನಿಂದ ಯಾರೋ ಅಗಳಿ ಹಾಕಿಕೊಂಡಿದ್ದರು. ಎಮ್ಮೆ ಹೊಸ್ತಿಲಿಗೆ ಮೂತಿ ಹಚ್ಚಿ ಹ್ಞೂಂ ಹ್ಞೂಂ ಎಂದಿತು.

"ಅಪ್ಪಾ, ಅತ್ತಿ ಒಳಗ ಅದಾಳ!" ಎಂದು ಚೀರಿದೆ.

ಅಪ್ಪ ಬಾಗಿಲಿಗೆ ಕೈ ಹಾಕಿದ. ಒಳಗಿನಿಂದ ಅತ್ತೆಯ ಒಣಗಿದ ದನಿ ಬಂತು. "ಮುಟ್ಟಬ್ಯಾಡ ತಮ್ಮಾ. ಕಂಕಳದಾಗ ಗಡ್ಡಿ ಎದ್ದೈತಿ. ಹುಡುಗಿನ ಕರಕೊಂಡು ಹೋಗು."

"ಘೋಡಗೇರಿಗೆ ಅಂದಿದ್ದಿ ಅಲ್ಲಾ ಅಕ್ಕಾ..."

"ಖರೆ ಹೇಳಿದ್ರ ಬಿಡ್ತಿದ್ದೇನು ನೀ?"

ಅಪ್ಪ ಬಾವಿಯಿಂದ ನೀರು ಸೇದಿ ತಂದು ಹೊಸ್ತಿಲ ಮೇಲಿಟ್ಟು ಹಿಂದೆ ಸರಿದ. ಬಾಗಿಲು ಗೇಣಷ್ಟು ತೆರೆದು ಒಂದು ಕೈ ಹೊರಬಂತು. ನನಗೆ ತುತ್ತು ಕೊಟ್ಟ ಕೈ ಅದು. ಅದನ್ನು ಕಂಡು ನಾನು ಹೆದರಿ ಓಣಿಯ ತುದಿಯವರೆಗೆ ಓಡಿಬಿಟ್ಟೆ. ತಿರುಗಿ ನೋಡಿದಾಗ ಚಂದ್ರಿ ಆ ಕೈಯನ್ನು ನೆಕ್ಕುತ್ತಿತ್ತು.

ಆಮೇಲೆ ಎರಡು ದಿನ ಅಪ್ಪ ಎಮ್ಮೆಯನ್ನು ಹೊಡೆದುಕೊಂಡು ಅಲ್ಲಿಗೆ ಹೋದ. ಅದು ಕರೆದರೆ ಅತ್ತೆ ಓಗೊಡುತ್ತಿದ್ದಳಂತೆ. ಮೂರನೆಯ ದಿನ ಚಂದ್ರಿ ಬಾಗಿಲ ಮುಂದೆ ಕಿವಿ ನಿಗುರಿಸಿ ನಿಂತಿತು, ದನಿ ತೆಗೆಯಲಿಲ್ಲ. ಅಪ್ಪನಿಗೆ ತಿಳಿಯಿತು.

ಅತ್ತೆಯನ್ನು ಹೊಲದ ಬದುವಿನಲ್ಲೇ ಮಣ್ಣು ಮಾಡಿದರು. ಕೆಚ್ಚಲು ಬಿಗಿದು ಎಮ್ಮೆ ಒದ್ದಾಡತೊಡಗಿದಾಗ ಅವ್ವ ಗುಡಿಸಲಲ್ಲಿ ಉಳಿದಿದ್ದ ಅತ್ತೆಯ ಸೀರೆಯನ್ನು ಅಂಜುತ್ತಂಜುತ್ತಲೇ ಉಟ್ಟು ಹಿಂಡಲು ಕೂತಳು. ಚಂದ್ರಿ ಸೆರಗನ್ನು ಬಹಳ ಹೊತ್ತು ಮೂಸಿತು. ಆಮೇಲೆ ಹಾಲು ಬಿಟ್ಟಿತು. ಅದನ್ನು ಕುಡಿಯಲು ನಮಗಾರಿಗೂ ಮನಸ್ಸಾಗಲಿಲ್ಲ. ಅಪ್ಪ ಆ ತಂಬಿಗೆಯನ್ನು ಒಯ್ದು, ಬದುವಿನ ಹಸಿ ಮಣ್ಣಿನ ಮೇಲೆ ಮೆಲ್ಲಗೆ ಸುರಿದು ಬಂದ.